ಹಳ್ಳಿಯ ಫೋನಿಗೆ ದುಡ್ಡು ಕೊಟ್ಟವರು ಯಾರು?



ಮೊಬೈಲಿಗೆ ರೀಚಾರ್ಜ್ ಮಾಡಿಸುವಾಗ ಆ ದುಡ್ಡು ಎಲ್ಲೆಲ್ಲಿಗೆ ಹೋಗುತ್ತೆ ಅಂತ ಎಂದಾದರೂ ಯೋಚಿಸಿದ್ದೀರಾ? ಜಿಎಸ್‌ಟಿ ಹೋಗುತ್ತೆ, ಅದು ಎಲ್ಲರಿಗೂ ಗೊತ್ತು. ಅದಲ್ಲದೆ ಇನ್ನೊಂದು ಪಾಲು ಇದೆ, ಬಿಲ್ಲಿನಲ್ಲಿ ಅದು ಕಾಣಿಸುವುದಿಲ್ಲ. ಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ಕೆಲವು ಬಾಬತ್ತು ಕಳೆದು ಉಳಿದದ್ದರಲ್ಲಿ ನೂರಕ್ಕೆ ಐದು ರೂಪಾಯಿಯನ್ನು ಕೇಂದ್ರ ಸರ್ಕಾರಕ್ಕೆ ಕಟ್ಟಬೇಕು. 2002ರ ಏಪ್ರಿಲ್ 1ರಿಂದ ಈ ಪದ್ಧತಿ ಇದೆ. ಆ ದುಡ್ಡು ಇರುವುದು ಹಳ್ಳಿಗಳಿಗೆ, ಅಂದರೆ ಲಾಭ ಬರುವುದಿಲ್ಲ ಅಂತ ಕಂಪನಿಗಳು ಕಾಲಿಡದ ಊರುಗಳಿಗೆ.

ಅಂದಮೇಲೆ ಹಳ್ಳಿಯ ಫೋನಿಗೆ ದುಡ್ಡು ಕೊಟ್ಟವರು ನೀವೇ! ಆದರೆ ಆ ದುಡ್ಡು ಸಾಲವಾಗಿ ಬಂತೋ, ದಾನವಾಗಿ ಬಂತೋ, ಯಾರ ಕೈಗೆ ಬಂತು ಅನ್ನುವುದರ ಹಿಂದೆ ಒಂದು ಇತಿಹಾಸವಿದೆ. ಅದರ ಎರಡು ಮುಖ್ಯ ಘಟನೆ ನಡೆದದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ. ಅದಕ್ಕೇ ಇದನ್ನು ಬರೆಯಬೇಕು ಅನಿಸಿತು.

ನಾನು ಅಥಣಿ ತಾಲೂಕಿನ ಕೊಕಟನೂರಿನವನು. ಎಲ್ಲಮ್ಮನ ಜಾತ್ರೆಯಿಂದಾಗಿ ನಮ್ಮೂರ ಹೆಸರು ಮಹಾರಾಷ್ಟ್ರದ ಭಕ್ತರಿಗೂ ಗೊತ್ತು. ಉಳಿದವರಿಗೆ 'ಅಥಣಿ ಹತ್ರ' ಅಂದರೆ ಸಾಕು, ಚಪ್ಪಲಿ ನೆನಪಾಗುತ್ತೆ :) ನಮ್ಮ ಕಡೆ ದೊಡ್ಡ ಬೇನೆ ಬಂದರೆ ಮಿರಜ್ ದವಾಖಾನೆಗೆ ಹೋಗುವುದು ಮೊದಲಿಂದಲೂ ರೂಢಿ. ಅಲ್ಲಿ ರೋಗಿಯ ಸ್ಥಿತಿ ಹೇಗಿದೆ ಅಂತ ಊರಲ್ಲಿದ್ದವರಿಗೆ ತಿಳಿಯುವುದು ಹೇಗೆ? ಒಂದೋ ಟೆಲಿಗ್ರಾಂ ಬರಬೇಕು, ಇಲ್ಲವೇ ಮಿರಜ್‌ನಿಂದ ಬರುವ ಬಸ್ಸಿನಲ್ಲಿ ಯಾರಾದರೂ ಸುದ್ದಿ ತರಬೇಕು. ನಮ್ಮಜ್ಜಿ ಹೇಳ್ತಿದ್ದಳು, "ತಾರ್ ಬಂತಂದ್ರ ಓದೂಕಿಂತ ಮೊದಲ ಅಳಾಕ ಸುರು ಮಾಡ್ತಿದ್ವಿ" ಅಂತ. ಫೋನು ಶೋಕಿ ವಸ್ತು ಅಂತ ಹೇಳುವವರು ಈ ಮಾತನ್ನು ಒಮ್ಮೆ ಕೇಳಬೇಕು.

ಇರಲಿ, ವಿಷಯಕ್ಕೆ ಬರೋಣ.

ಮೊದಲು ಅಮೆರಿಕದ ಕಥೆ ಸ್ವಲ್ಪ ಹೇಳಬೇಕು. ಅಲ್ಲಿ 1920ರಲ್ಲಿ ನೂರು ರೈತ ಕುಟುಂಬಗಳಲ್ಲಿ ಸುಮಾರು 39ಕ್ಕೆ ಫೋನ್ ಇತ್ತು. 1940ರ ಹೊತ್ತಿಗೆ ಅದು 25ಕ್ಕೆ ಇಳಿದಿತ್ತು! ಮಹಾ ಕುಸಿತದ ಕಾಲದಲ್ಲಿ ರೈತರಿಗೆ ಬಾಡಿಗೆ ಕಟ್ಟಲಾಗಲಿಲ್ಲ, ಲೈನುಗಳು ಹಾಳಾದವು, ದೊಡ್ಡ ಕಂಪನಿಗಳು ಆ ಕಡೆ ತಿರುಗಿ ನೋಡಲಿಲ್ಲ. ಕರೆಂಟಿನ ವಿಷಯದಲ್ಲಿ ಆ ಸರ್ಕಾರ 1935-36ರಲ್ಲೇ ಒಂದು ದಾರಿ ಕಂಡುಕೊಂಡಿತ್ತು. ರೈತರು ಸಹಕಾರಿ ಸಂಘ ಕಟ್ಟಿಕೊಳ್ಳಬೇಕು, ಸರ್ಕಾರ ಕಡಿಮೆ ಬಡ್ಡಿಗೆ ದೀರ್ಘಾವಧಿ ಸಾಲ ಕೊಡಬೇಕು, ಸಂಘದವರು ತಾವೇ ಕಂಬ ನೆಟ್ಟು ತಂತಿ ಎಳೆಯಬೇಕು. 1949ರ ಅಕ್ಟೋಬರ್ 28ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ತಿದ್ದುಪಡಿಯಿಂದ ಅದೇ ಸಾಲ ಫೋನಿಗೂ ಸಿಗತೊಡಗಿತು. ಬಡ್ಡಿ ನೂರಕ್ಕೆ ಎರಡು, ಅವಧಿ 35 ವರ್ಷದವರೆಗೆ. ಸಾಲ ಸಣ್ಣ ಖಾಸಗಿ ಕಂಪನಿಗೂ ಸಿಗುತ್ತಿತ್ತು, ರೈತರ ಸಂಘಕ್ಕೂ ಸಿಗುತ್ತಿತ್ತು. ಇಂಥ ಸಂಘಗಳಲ್ಲಿ ಎಷ್ಟೋ ಈಗ ಫೈಬರ್ ಎಳೆದು ಬ್ರಾಡ್‌ಬ್ಯಾಂಡ್ ಕೊಡುತ್ತಿವೆ. 2009ರ ಆರ್ಥಿಕ ಹಿಂಜರಿತದಲ್ಲಿ ಬ್ರಾಡ್‌ಬ್ಯಾಂಡಿಗಾಗಿ ಅಮೆರಿಕ ತೆಗೆದಿಟ್ಟ 720 ಕೋಟಿ ಡಾಲರಿನಲ್ಲಿ ಒಂದು ಪಾಲು ಇದೇ ಗ್ರಾಮೀಣ ಸಾಲದ ಇಲಾಖೆಯ ಮೂಲಕವೇ ಹೋಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಈ ಸಾಲದ ಮಾದರಿ ನಮ್ಮ ಜಿಲ್ಲೆಗೂ ಬಂದಿತ್ತು! ಆದರೆ ಫೋನಿಗಲ್ಲ, ಕರೆಂಟಿಗೆ.

1969ರಲ್ಲಿ ಭಾರತ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಹುಟ್ಟುಹಾಕಿತು. ಅಮೆರಿಕದ ಗೋಧಿ ಮಾರಿ ಇಲ್ಲಿ ಸೇರಿದ್ದ ಪಿಎಲ್-480 ರೂಪಾಯಿ ನಿಧಿಯ ನೆರವು ಅದಕ್ಕಿತ್ತು. ದೇಶದಲ್ಲಿ ಐದು ಕಡೆ ಪ್ರಯೋಗಕ್ಕಾಗಿ ವಿದ್ಯುತ್ ಸಹಕಾರಿ ಸಂಘ ಮಾಡಿದರು. ಆಂಧ್ರದ ಸಿರ್ಸಿಲ್ಲಾ (ಈಗ ತೆಲಂಗಾಣ), ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ನಮ್ಮ ಹುಕ್ಕೇರಿ. ಹುಕ್ಕೇರಿ ತಾಲೂಕಿನಲ್ಲಿ ಇಂದಿಗೂ ಮನೆಮನೆಗೆ ಕರೆಂಟು ಹಂಚುವುದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ. ರಾಜ್ಯದ ಉಳಿದ ಕಡೆ ಹೆಸ್ಕಾಂ, ಬೆಸ್ಕಾಂ ಅಂತ ಸರ್ಕಾರಿ ಕಂಪನಿಗಳಿದ್ದರೆ, ಅಲ್ಲಿ ಮಾತ್ರ ಗ್ರಾಹಕನೇ ಸದಸ್ಯ, ಸದಸ್ಯನಿಗೇ ವೋಟು.

ಸಹಕಾರ ಅನ್ನುವುದು ನಮ್ಮ ಭಾಗಕ್ಕೆ ಹೊಸತೂ ಅಲ್ಲ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಶುರು ಮಾಡಿದ ಪತ್ತಿನ ಸಂಘದಿಂದ ಹಿಡಿದು ಕೃಷ್ಣಾ ತೀರದ ಸಕ್ಕರೆ ಕಾರ್ಖಾನೆಗಳವರೆಗೆ ಎಲ್ಲವೂ ಇದೆ. ಹಾಗಿದ್ದರೆ ಫೋನಿಗೆ ಯಾಕೆ ಸಂಘ ಆಗಲಿಲ್ಲ?

ಉತ್ತರ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ತಂತಿ ಹಾಕಿ ಸುದ್ದಿ ಸಾಗಿಸುವ ಹಕ್ಕು ಕೇಂದ್ರ ಸರ್ಕಾರದ್ದು ಮಾತ್ರ ಅಂತ ಅದರ ನಾಲ್ಕನೇ ಸೆಕ್ಷನ್ ಹೇಳುತ್ತಿತ್ತು. ಬೇರೆಯವರಿಗೆ ಲೈಸೆನ್ಸ್ ಕೊಡುವ ಅಧಿಕಾರವೂ ಅದೇ ಸೆಕ್ಷನ್ನಿನಲ್ಲಿತ್ತು ಅನ್ನಿ. ಆದರೆ ಹುಕ್ಕೇರಿಗೆ ಕರೆಂಟು ಬಂದ ದಾರಿಯಲ್ಲಿ ಫೋನು ಬರಲಿಲ್ಲ. ಅಂಚೆ ಮತ್ತು ತಂತಿ ಇಲಾಖೆಯೇ ಎಲ್ಲವನ್ನೂ ಮಾಡಬೇಕು, ಇಲಾಖೆಗೆ ಮೊದಲು ಪಟ್ಟಣ, ಆಮೇಲೆ ತಾಲೂಕು ಕೇಂದ್ರ, ಹಳ್ಳಿ ಕೊನೆಗೆ. ಅದರ ಮೇಲೆ ಇನ್ನೊಂದು ತಮಾಷೆ ನೋಡಿ. ಇಲಾಖೆಗೆ ಬಂಡವಾಳ ಸಾಲದೆ 'ಓನ್ ಯುವರ್ ಟೆಲಿಫೋನ್' ಅಂತ ಒಂದು ಸ್ಕೀಮ್ ಇಟ್ಟಿದ್ದರು. ದೊಡ್ಡ ಮೊತ್ತ ಮುಂಗಡ ಕಟ್ಟಿದವರಿಗೆ ಸರದಿಯಲ್ಲಿ ಮುಂದಿನ ಜಾಗ. ಅಮೆರಿಕದಲ್ಲಿ ಫೋನಿಗಾಗಿ ಸರ್ಕಾರ ರೈತನಿಗೆ ಸಾಲ ಕೊಟ್ಟರೆ, ನಮ್ಮಲ್ಲಿ ಗ್ರಾಹಕನೇ ಸರ್ಕಾರಕ್ಕೆ ಮುಂಗಡ ಕೊಡುತ್ತಿದ್ದ!

ಇನ್ನು ಎರಡನೇ ಘಟನೆ. ಅದು ನಡೆದದ್ದು ಕಿತ್ತೂರಿನಲ್ಲಿ, ಹೌದು, ಚೆನ್ನಮ್ಮನ ಕಿತ್ತೂರಿನಲ್ಲೇ.

1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರೊಳಗೆ ನಮ್ಮ ದೇಶದ್ದೇ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿ ತೋರಿಸಬೇಕು ಅಂತ ಗುರಿ. ವಿದೇಶಿ ಎಕ್ಸ್‌ಚೇಂಜುಗಳು ದೊಡ್ಡ ಊರಿಗೆ ಮಾಡಿದವು, ಎಸಿ ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ನಮ್ಮ ಹಳ್ಳಿಯಲ್ಲಿ ಕರೆಂಟೇ ಬಂದಷ್ಟು ಹೊತ್ತು, ಎಸಿ ಎಲ್ಲಿಂದ ತರುವುದು? ಅದಕ್ಕೆ ಸಿ-ಡಾಟ್ ಎಂಜಿನಿಯರುಗಳು ಬಿಸಿಲು, ಧೂಳು ತಡೆಯುವ, ಎಸಿ ಬೇಡದ 128 ಪೋರ್ಟಿನ ಒಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಹೆಸರು ರಾಕ್ಸ್, ಅಂದರೆ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್. ಒಂದು ಸಣ್ಣ ಕೋಣೆ ಸಾಕು. ಅದರಲ್ಲಿ ಮೊದಲನೆಯದು 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಆಮೇಲೆ ಇದೇ ಮಾದರಿಯ ಎಕ್ಸ್‌ಚೇಂಜುಗಳು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲ ನಿಮಗೆ ನೆನಪಿದ್ದರೆ, ಸಣ್ಣ ಊರುಗಳಲ್ಲಿ ಅದಕ್ಕೆ ಜೀವ ಕೊಟ್ಟದ್ದು ಇಂಥ ಪೆಟ್ಟಿಗೆಗಳೇ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುವುದು ತಪ್ಪಿತು. ಅಥಣಿಯ 08289 ಅನ್ನುವ ಕೋಡ್ ಆ ಪೀಳಿಗೆಯವರಿಗೆ ಈಗಲೂ ಬಾಯಿಪಾಠ.

ಗಮನಿಸಿ, ಇಲ್ಲಿ ಸರ್ಕಾರ ದುಡ್ಡು ಹಾಕಿದ್ದು ಕಂಬಕ್ಕಲ್ಲ, ಜ್ಞಾನಕ್ಕೆ. ಹಳ್ಳಿಯ ಫೋನಿಗಾಗಿ ಹಾಕಿದ ದುಡ್ಡಿನಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ ಅಂತ ನನ್ನ ಅನಿಸಿಕೆ.

ಎಕ್ಸ್‌ಚೇಂಜ್ ಬಂದ ಊರಿನ ಕಥೆ ಹೀಗಾದರೆ, ಸುತ್ತಲಿನ ಸಣ್ಣ ಹಳ್ಳಿಗಳದ್ದು ಬೇರೆ. 1994ರ ಟೆಲಿಕಾಂ ನೀತಿ 1997ರೊಳಗೆ ಎಲ್ಲ ಹಳ್ಳಿಗೂ ಫೋನ್ ಅಂತ ಸಾರಿತು. ಎಕ್ಸ್‌ಚೇಂಜಿನಿಂದ ಹಳ್ಳಿಗೆ ರೇಡಿಯೋ ಮೂಲಕ ಸಂಪರ್ಕ ಕೊಡುವ ಎಂಎಆರ್‌ಆರ್ ಅನ್ನುವ ಉಪಕರಣ ಹಾಕಿದರು. ಅದು ಬಹಳ ಕಡೆ ಕೆಟ್ಟು ಕೂತಿತು, ಬ್ಯಾಟರಿ ಸತ್ತರೆ ಕೇಳುವವರಿಲ್ಲ. ಲೆಕ್ಕದಲ್ಲಿ ಊರಿಗೆ ಫೋನ್ ಇದೆ, ಎತ್ತಿದರೆ ಸದ್ದಿಲ್ಲ!

ಅಲ್ಲಿಯವರೆಗೆ ಹಳ್ಳಿಯ ನಷ್ಟವನ್ನು ತುಂಬುತ್ತಿದ್ದದ್ದು ದುಬಾರಿ ಎಸ್‌ಟಿಡಿ, ಐಎಸ್‌ಡಿ ದರ. ಖಾಸಗಿ ಪೈಪೋಟಿ ಬಂದು ಆ ದರಗಳು ಇಳಿದ ಮೇಲೆ ಬೇರೆ ದಾರಿ ಬೇಕಾಯಿತು. ಮೊದಲು ಹೇಳಿದ ನೂರಕ್ಕೆ ಐದರ ನಿಧಿ ಹುಟ್ಟಿದ್ದು ಹೀಗೆ. 1999ರ ನೀತಿಯಲ್ಲಿ ಅದರ ಮಾತು ಬಂತು, 2002ರಲ್ಲಿ ಜಾರಿಯಾಯಿತು, 2003ರ ತಿದ್ದುಪಡಿ ಕಾಯ್ದೆಯಿಂದ ಕಾನೂನಿನ ಬಲ ಸಿಕ್ಕಿತು. ಹಂಚುವ ರೀತಿ ನಮ್ಮ ಹರಾಜಿಗೆ ಉಲ್ಟಾ: ಯಾರು ಎಲ್ಲರಿಗಿಂತ ಕಡಿಮೆ ಸಬ್ಸಿಡಿ ಕೇಳುತ್ತಾರೋ ಅವರಿಗೆ ಕೆಲಸ. ಕೆಟ್ಟ ಎಂಎಆರ್‌ಆರ್ ಫೋನುಗಳನ್ನು ಬದಲಿಸಿದ್ದು ಈ ದುಡ್ಡಿನಿಂದ. ಭಾರತ್ ನಿರ್ಮಾಣ್ ಹೆಸರಿನಲ್ಲಿ, ಇನ್ನೂ ಫೋನೇ ಕಾಣದಿದ್ದ 66,822 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಫೋನ್ ಕೊಡಬೇಕಾದದ್ದೂ ಇದರಿಂದಲೇ. 2009ರ ಜನವರಿಯಲ್ಲಿ ಗ್ರಾಮೀಣ ಬ್ರಾಡ್‌ಬ್ಯಾಂಡ್ ಯೋಜನೆ ಬಂತು. ಇದ್ದ ತಾಮ್ರದ ತಂತಿಯ ಮೇಲೆಯೇ ಕನಿಷ್ಠ 512 ಕೆಬಿಪಿಎಸ್ ವೇಗ. ಈಗ ನಗು ಬರಬಹುದು, ಆಗ ಅದರಲ್ಲೇ ನಾವು ಕನ್ನಡ ಯೂನಿಕೋಡ್ ಪುಟ ಓದಿ ಖುಷಿಪಟ್ಟವರು :)

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸುಮಾರು 20,000 ಕೋಟಿ ರೂಪಾಯಿಯಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಎಳೆಯಲು ಒಪ್ಪಿತು. ಅದೇ ಮುಂದೆ ಭಾರತ್ ನೆಟ್ ಆಯಿತು. 2017ರ ಡಿಸೆಂಬರ್ ಹೊತ್ತಿಗೆ ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಗಿದವು. ಆದರೆ ಫೈಬರ್ ತಾಲೂಕಿನಿಂದ ಪಂಚಾಯಿತಿಗೆ ಒಂದೇ ಎಳೆಯಾಗಿ ಹೋಗಿತ್ತು. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಒಂದು ಕಡೆ ಕಡಿದರೆ, ಮುಂದಿನ ಊರುಗಳೆಲ್ಲ ಕತ್ತಲು.

ಕಡಿದರೆ ಏನಾಗುತ್ತೆ ಅಂತೀರಾ? ಈಗ ಪಹಣಿ, ಪಿಂಚಣಿ, ರೇಷನ್ನಿನ ಹೆಬ್ಬೆಟ್ಟು, ಇ-ಸ್ವತ್ತು, ಎಲ್ಲವೂ ಲೈನಿನ ಮೇಲೆ ನಿಂತಿವೆ. ಒಂದು ಕಚೇರಿಯಲ್ಲಿ ನಾನೇ ನೋಡಿದ್ದೇನೆ. ವೃದ್ಧಾಪ್ಯ ವೇತನಕ್ಕೆ ಬಂದ ಮುದುಕಿಗೆ "ಸರ್ವರ್ ಇಲ್ಲಬೇ, ನಾಳೆ ಬಾ" ಅಂದರು. ಆಕೆ, "ನಿನ್ನೇನೂ ನಾಳೆ ಅಂದ್ರಿ, ಆ ನಾಳೆ ಯಾವಾಗ ಬರ್ತೈತ್ರಿ ಯಪ್ಪಾ?" ಅಂದಳು. ಯಾರ ಹತ್ತಿರವೂ ಉತ್ತರವಿರಲಿಲ್ಲ. ದಿನದ ಕೂಲಿ ಬಿಟ್ಟು ಬಂದವಳು ಆಕೆ. 2020ರ ಕೊರೊನಾ ಕಾಲದಲ್ಲಂತೂ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಇಲ್ಲೇ ನನಗೆ ಸಾಲಕ್ಕೂ ದಾನಕ್ಕೂ ಇರುವ ವ್ಯತ್ಯಾಸ ಕಾಣುವುದು. ಸಬ್ಸಿಡಿ ಹೋಗುವುದು ಲೈನ್ ಹಾಕುವವರಿಗೆ. ಹಾಕಿದ ಮೇಲೆ ಅದು ಸತ್ತರೆ ಅವರಿಗೇನು ನಷ್ಟ? ಸಾಲ ತೆಗೆದುಕೊಂಡ ಸಂಘಕ್ಕೆ ಹಾಗಲ್ಲ. ಲೈನ್ ಸತ್ತರೆ ಆದಾಯ ನಿಂತಿತು, ಕಂತು ಕಟ್ಟಲು ಆಗುವುದಿಲ್ಲ. ಅದರ ಅಧ್ಯಕ್ಷ ಅದೇ ಊರಿನವನು, ಚಹಾದಂಗಡಿಯಲ್ಲಿ ನಾಲ್ಕು ಜನ ಹಿಡಿದು ಕೇಳುತ್ತಾರೆ!

ಹಾಗಂತ ಸಂಘವೇ ಸರ್ವರೋಗಕ್ಕೂ ಮದ್ದು ಅಂತ ನಾನು ಹೇಳುವುದಿಲ್ಲ. ಹುಕ್ಕೇರಿಯ ಜೊತೆಗೇ ಹುಟ್ಟಿದ ಮುಳಾ-ಪ್ರವರಾ ಸಂಘ 2011ರಲ್ಲಿ ಲೈಸೆನ್ಸ್ ಕಳೆದುಕೊಂಡಿತು, ವಿದ್ಯುತ್ ಹಂಚುವ ಕೆಲಸ ಮಹಾರಾಷ್ಟ್ರದ ಸರ್ಕಾರಿ ಕಂಪನಿಗೆ ಹೋಯಿತು. ಸಹಕಾರಿ ಸಂಘದ ಚುನಾವಣೆ ಅಂದರೆ ಏನು ಅಂತ ಬೆಳಗಾವಿ ಜಿಲ್ಲೆಯವರಿಗೆ ಹೇಳಬೇಕಾಗಿಯೂ ಇಲ್ಲ :) ಮೇಲಾಗಿ, ಮಳೆ ನಂಬಿದ ಒಣ ಬೇಸಾಯದ ಊರು 35 ವರ್ಷದ ಸಾಲ ಹೊರುವುದೂ ಸುಲಭವಲ್ಲ. ಅಂಥ ಕಡೆ ದಾನದ ದುಡ್ಡೇ ಬೇಕು. ಆದರೆ ದಾನದ ಜೊತೆ ಊರವರಿಗೆ ಒಂದು ಹಿಡಿತವೂ ಬೇಕು.

ಆ ಹಿಡಿತದ ಕಡೆಗೆ ಸರ್ಕಾರ ಈಗ ಅರ್ಧ ಹೆಜ್ಜೆ ಇಟ್ಟಿದೆ ಅನ್ನಬಹುದು. 2023ರ ಆಗಸ್ಟ್‌ನಲ್ಲಿ ಒಪ್ಪಿದ ಪರಿಷ್ಕೃತ ಭಾರತ್ ನೆಟ್ಟಿಗೆ 1,39,579 ಕೋಟಿ ರೂಪಾಯಿ. ಒಂದೇ ಎಳೆಯ ಬದಲು ಉಂಗುರದ ಹಾಗೆ ಫೈಬರ್, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬರುತ್ತೆ. ಹತ್ತು ವರ್ಷದ ನಿರ್ವಹಣೆಯೂ ಅದರಲ್ಲೇ ಸೇರಿದೆ. ಮನೆಮನೆಗೆ ಸಂಪರ್ಕ ಕೊಡುವ ಸ್ಥಳೀಯ ಉದ್ಯಮಿಗೆ ಆದಾಯದಲ್ಲಿ ಅರ್ಧ ಪಾಲು. ಊರಿನ ಕೇಬಲ್ ಟಿವಿಯವನೇ ಆ ಉದ್ಯಮಿಯಾದರೆ ಕಡಿದ ತಂತಿ ಬೇಗ ಕೂಡಬಹುದು. ಅದೇ ವರ್ಷದ ಟೆಲಿಕಾಂ ಕಾಯ್ದೆ 1885ರ ಕಾನೂನಿನ ಜಾಗಕ್ಕೆ ಬಂದಿದೆ, ನಿಧಿಯ ಹೆಸರು 'ಡಿಜಿಟಲ್ ಭಾರತ್ ನಿಧಿ' ಆಗಿದೆ. ಹೆಸರು ಯಾವುದಾದರೇನು? ಹಳೆಯ ನಿಧಿಯಲ್ಲಿ ಸಂಗ್ರಹವಾದ ದುಡ್ಡಿನ ದೊಡ್ಡ ಪಾಲು ವರ್ಷಗಟ್ಟಲೆ ಖರ್ಚಾಗದೆ ಉಳಿದಿತ್ತು. ಹೊಸ ಹೆಸರಿನ ಕೆಳಗೆ ಹಾಗಾಗದಿರಲಿ.

ನನ್ನ ಆಸೆ ಇಷ್ಟೇ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಒಂದು ಬೋರ್ಡ್ ಇರಲಿ. ಈ ಊರಿನ ಲೈನಿಗೆ ಎಷ್ಟು ದುಡ್ಡು ಬಂತು, ಯಾರಿಗೆ ಹೋಯಿತು, ಕಳೆದ ತಿಂಗಳು ಎಷ್ಟು ದಿನ ಲೈನ್ ಸತ್ತಿತ್ತು ಅಂತ ಕನ್ನಡದಲ್ಲಿ ಬರೆದಿರಲಿ. ಉದ್ಯೋಗ ಖಾತ್ರಿ ಕಾಮಗಾರಿಗೆ ಬೋರ್ಡ್ ಹಾಕಿದವರು ಇದಕ್ಕೆ ಯಾಕೆ ಹಾಕಬಾರದು?

ನಿಮ್ಮೂರಿನ ಮೊದಲ ಫೋನ್ ಎಲ್ಲಿತ್ತು? ಅಂಚೆ ಕಚೇರಿಯಲ್ಲೋ, ಗೌಡರ ಮನೆಯಲ್ಲೋ, ಕಿರಾಣಿ ಅಂಗಡಿಯಲ್ಲೋ? ಮನೆಯ ಹಿರಿಯರನ್ನು ಕೇಳಿ ನೀವೂ ಬರೆಯಿರಿ. ಈ ಇತಿಹಾಸ ಸರ್ಕಾರಿ ಫೈಲಿನಲ್ಲಿ ಸಿಗುವುದಿಲ್ಲ, ಅವರ ನೆನಪಿನಲ್ಲಿದೆ. ಅದೂ ಇನ್ನು ಎಷ್ಟು ದಿನವೋ..