ಅಂಗನವಾಡಿಯ ತೂಕದ ಕಾರ್ಡು

ಅಂಗನವಾಡಿ ಅಂದ್ರೆ ಉಪ್ಪಿಟ್ಟು ಕೊಡೋ ಜಾಗ ಅಂತ ನಮ್ಮ ಸೊಸೆಯಂದಿರು ಅನ್ಕೊಂಡಿದಾರೆ. ಅದರ ಕಥೆ ಹಳೇದು. 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಮಾತ್ರ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ಟಿ. ನರಸೀಪುರಕ್ಕೇ ಕಣ್ರೀ!

ಊಟ ಒಂದೇ ಅಲ್ಲ. ಚುಚ್ಚುಮದ್ದು, ಬಸುರಿ-ಬಾಣಂತಿಯರ ತಪಾಸಣೆ, ಚಿಕ್ಕಮಕ್ಕಳಿಗೆ ಆಟ-ಪಾಠ ಎಲ್ಲಾ ಸೇರಿತ್ತು. ನನಗೆ ದೊಡ್ಡದಾಗಿ ಕಾಣೋದು ತೂಕದ ಕಾರ್ಡು. ಮುಂಚೆ ಮಗು ಸೊರಗಿದ್ರೆ ದೃಷ್ಟಿ ತಾಕಿದೆ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಸುಮ್ಮನಾಗೋರು. (ದೃಷ್ಟಿ ನಾನೂ ತೆಗೀತೀನಿ, ಅದು ಬೇರೆ ಮಾತು.) ತಿಂಗಳು ತಿಂಗಳು ತೂಗಿ ಕಾರ್ಡಿನಲ್ಲಿ ಗೆರೆ ಎಳೆಯೋಕೆ ಶುರುವಾದ ಮೇಲೆ, ಗೆರೆ ಕೆಳಕ್ಕೆ ವಾಲಿದ್ರೆ ಸಾಕು, ಮಗು ಪೂರ್ತಿ ಸೊರಗೋಕೆ ಮುಂಚೇನೇ ತಾಯಿಗೆ ಗೊತ್ತಾಗ್ತಿತ್ತು.

2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದ್ರು, ಬಾಣಂತಿ ಮನೆಗೇ ಹೋಗಿ ಕೂಸು ನೋಡೋರು. 2017ರಲ್ಲಿ ಮಾತೃಪೂರ್ಣ ಬಂದು ಬಸುರಿಯರಿಗೂ ಬಿಸಿಯೂಟ ಆಯ್ತು.

ಇಷ್ಟೆಲ್ಲಾ ಮಾಡೋ ಹೆಂಗಸರಿಗೆ ಕೊಡೋದು ಸಂಬಳ ಅಲ್ಲವಂತೆ, ‘ಗೌರವಧನ’! ಅಂಗನವಾಡಿಯವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಮೊದಲು ಸೇರಿದ ಟೀಚರಮ್ಮಂದಿರು ಅಷ್ಟರಲ್ಲಿ ಮೊಮ್ಮಕ್ಕಳನ್ನ ಅಂಗನವಾಡಿಗೆ ಬಿಟ್ಟು ಬರೋ ವಯಸ್ಸೂ ದಾಟಿದ್ರು.