ಏಣಿಯ ಮೆಟ್ಟಿಲು: ನಮ್ಮ ತಾಲ್ಲೂಕಿನಲ್ಲಿ ಬೆಳೆದ ಒಂದು ಕಲಿಕೆಯ ಚರಿತ್ರೆ

ನಮ್ಮ ಸರ್ಕಾರಿ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿದೆ. ಈ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಶಾಲೆಗೆ ಜಾಗ ಕೊಟ್ಟವರು, ಕಟ್ಟಡಕ್ಕೆ ಕಲ್ಲು ಹೊತ್ತವರು, ಮೊದಲ ಮುಖ್ಯೋಪಾಧ್ಯಾಯರು, ಇವರ ಬಗ್ಗೆ ಹಿರಿಯರು ನನಗಿಂತ ಚೆನ್ನಾಗಿ ಬರೆಯಬಲ್ಲರು. ನಾನು ಇನ್ನೊಂದು ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಅದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಚಿಕ್ಕ ಚಿಕ್ಕ ಪ್ರಾಥಮಿಕ ಶಾಲೆಗಳಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ 'ನಲಿ-ಕಲಿ'ಯ ಚರಿತ್ರೆ. ಕಳೆದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಮ್ಮ ಪ್ರೌಢಶಾಲೆಯ ಎಂಟನೇ ತರಗತಿಗೆ ಬಂದವರಲ್ಲಿ ಬಹಳಷ್ಟು ಮಂದಿ ಆ ಕಾರ್ಡುಗಳನ್ನು ಹಿಡಿದೇ ಅಕ್ಷರ ಕಲಿತವರು. ನಾನೂ ಅವರಲ್ಲಿ ಒಬ್ಬ.

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂಬುದು ಹೊಸ ವಿಚಾರವೆಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಲ್ಲಿ ಒಂದೇ ಜಗಲಿಯ ಮೇಲೆ ಐದು ವರ್ಷದ ಮಗುವೂ ಹನ್ನೆರಡು ವರ್ಷದ ಹುಡುಗನೂ ಕೂತಿರುತ್ತಿದ್ದರು. ಒಬ್ಬ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರೆ ಇನ್ನೊಬ್ಬ ಮಗ್ಗಿ ಒಪ್ಪಿಸುತ್ತಿದ್ದ, ಮತ್ತೊಬ್ಬ ಕಾವ್ಯ ಓದುತ್ತಿದ್ದ. ದೊಡ್ಡವರು ಚಿಕ್ಕವರಿಗೆ ತಿದ್ದಿಸುತ್ತಿದ್ದರು. ಒಂದು ಪಾಠ ಬಂದ ಮೇಲೆ ಮುಂದಿನದು. ಅಲ್ಲಿ ಬೆತ್ತವೂ ಇತ್ತು, ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ, ಹೆಣ್ಣುಮಕ್ಕಳಂತೂ ಅಪರೂಪ. ಆದ್ದರಿಂದ ಆ ಕಾಲವನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಒಂದೇ ವಯಸ್ಸಿನವರೆಲ್ಲ ಒಂದೇ ದಿನ ಒಂದೇ ಪಾಠ ಕಲಿಯಬೇಕೆಂಬ ನಿಯಮ ಅಲ್ಲಿರಲಿಲ್ಲ ಎಂಬುದಷ್ಟೇ ಮುಖ್ಯ.

ಇದನ್ನು ಕಂಡು ಬೆರಗಾದವರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಒಬ್ಬರು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಹೊಣೆ ಹೊತ್ತ ಅವರು, ಹತ್ತಿರದ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ತಮ್ಮ ಶಾಲೆಯಲ್ಲೂ ಅದನ್ನೇ ತಂದರು. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚಾಯಿತು, 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿಗೆ ಹಬ್ಬಿತು. ನಮ್ಮ ಜಗಲಿಯ ಪಾಠ ಹಡಗು ಹತ್ತಿ ಹೋಯಿತು ಎನ್ನಬಹುದು.

ಅದೇ ಇಂಗ್ಲೆಂಡಿನಲ್ಲಿ ಆಮೇಲೆ ಬೆಳೆದದ್ದು ಬೇರೆಯೇ ಪದ್ಧತಿ. ಸರ್ಕಾರ ಶಾಲೆಗಳಿಗೆ ಹಣ ಕೊಡಲು ಶುರು ಮಾಡಿದ ಮೇಲೆ, ಕೊಟ್ಟ ಹಣಕ್ಕೆ ಏನು ಬಂತು ಎಂಬ ಲೆಕ್ಕ ಬೇಕಾಯಿತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ತಂದ ನಿಯಮದಂತೆ ಇನ್‌ಸ್ಪೆಕ್ಟರು ಬಂದು ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡುತ್ತಿದ್ದರು. ಪಾಸಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಅನುದಾನ. ಆ ನಿಯಮದಲ್ಲಿ ಆರು 'ಸ್ಟ್ಯಾಂಡರ್ಡ್'ಗಳಿದ್ದವು. 'ನಿನ್ನ ಮಗ ಎಷ್ಟನೇ ಸ್ಟ್ಯಾಂಡರ್ಡು' ಎಂದು ನಾವು ಇಂದಿಗೂ ಕೇಳುತ್ತೇವಲ್ಲ, ಆ ಮಾತಿನ ಹಿಂದೆ ಈ ಕಥೆಯಿದೆ. ವಯಸ್ಸಿಗೊಂದು ತರಗತಿ, ವರ್ಷಕ್ಕೊಂದು ಪುಸ್ತಕ, ಕೊನೆಗೊಂದು ಪರೀಕ್ಷೆ. ಲಕ್ಷಾಂತರ ಮಕ್ಕಳನ್ನು ಶಾಲೆಗೆ ತರಲು ಈ ಏರ್ಪಾಡು ಅನುಕೂಲವಾಯಿತು, ನಿಜ. ಆದರೆ ಹಿಂದೆ ಬಿದ್ದ ಮಗುವಿಗೆ ಅದರಲ್ಲಿದ್ದ ಉತ್ತರ ಒಂದೇ: ನಪಾಸು.

ಆ ಉತ್ತರ ಒಪ್ಪದವರೂ ಇದ್ದರು. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ವೈದ್ಯೆ ಮರಿಯಾ ಮಾಂಟೆಸೊರಿ ಮಕ್ಕಳ ಮನೆಯನ್ನು ತೆರೆದರು. ಮಗು ತಾನೇ ಕೈಯಾರೆ ಮಾಡಿ, ತಪ್ಪಿದರೆ ತಾನೇ ತಿದ್ದಿಕೊಳ್ಳುವಂಥ ಸಾಮಗ್ರಿಗಳನ್ನು ರೂಪಿಸಿದರು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಕಟ್ಟಿದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮಾಂಟೆಸೊರಿಯವರೇ 1939ರಲ್ಲಿ ಮದ್ರಾಸಿಗೆ ಬಂದು, ಮಹಾಯುದ್ಧದ ಕಾರಣ ಹಲವು ವರ್ಷ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೂ ಅವರ ಹೆಸರಿನ ಶಾಲೆಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ಪೇಟೆಯ, ಫೀಸು ಕಟ್ಟಬಲ್ಲವರ ಮಕ್ಕಳಿಗೇ ಸಿಕ್ಕವು. ಒಬ್ಬರೇ ಮೇಷ್ಟ್ರು ಇರುವ, ನಾಲ್ಕು ತರಗತಿ ಒಂದೇ ಕೋಣೆಯಲ್ಲಿ ಕೂರುವ ಹಳ್ಳಿಯ ಶಾಲೆಗೆ ಇದು ಹೇಗೆ ಬರಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಗೆ ಕೆಲಸದ ಮೂಲಕ ಉತ್ತರ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ. ಜಿಡ್ಡು ಕೃಷ್ಣಮೂರ್ತಿಯವರು ಸ್ಥಾಪಿಸಿದ ಆ ಸಂಸ್ಥೆಯ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತ, ಪಠ್ಯಪುಸ್ತಕವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿದರು. ಕಾರ್ಡುಗಳನ್ನು ಕ್ರಮವಾಗಿ ಜೋಡಿಸಿದ ನಕ್ಷೆಗೆ ಕಲಿಕೆಯ ಏಣಿ ಎಂದು ಹೆಸರು. ಪ್ರತಿ ಮಗುವೂ ಏಣಿಯಲ್ಲಿ ತಾನೆಲ್ಲಿದ್ದೇನೆಂದು ನೋಡಿಕೊಂಡು ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳಬಹುದು.

1995ರ ಹೊತ್ತಿಗೆ ನಮ್ಮ ತಾಲ್ಲೂಕಿನ ಸರ್ಕಾರಿ ಶಿಕ್ಷಕರ ಒಂದು ತಂಡ ರಿಷಿ ವ್ಯಾಲಿಗೆ ಹೋಗಿ ಇದನ್ನು ನೋಡಿ ಬಂದಿತು. ಯುನಿಸೆಫ್ ನೆರವು ನೀಡಿತು. ತೆಲುಗಿನ ಕಾರ್ಡುಗಳನ್ನು ಹಾಗೇ ಇಳಿಸಿಕೊಳ್ಳದೆ, ನಮ್ಮ ಶಿಕ್ಷಕರೇ ಕೂತು ಕನ್ನಡಕ್ಕೆ ಬೇಕಾದ ಏಣಿ ಕಟ್ಟಿದರು, ಹಾಡು ಕಟ್ಟಿದರು, ಚಿತ್ರ ಬರೆದರು. ಮೇಲಿನಿಂದ ಸುತ್ತೋಲೆಯಾಗಿ ಬಾರದೆ, ಪಾಠ ಮಾಡುವವರ ಕೈಯಿಂದಲೇ ಹುಟ್ಟಿದ್ದರಿಂದ ಅದಕ್ಕೆ ಬಲ ಬಂತು ಎಂದು ನನ್ನ ನಂಬಿಕೆ.

ಆ ಏಣಿಯ ಮೊದಲ ಮೆಟ್ಟಿಲಲ್ಲೇ ಒಂದು ಜಾಣತನವಿದೆ. ನಲಿ-ಕಲಿಯಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು. ಇಷ್ಟು ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಓದಿನ ರುಚಿಗಾಗಿ ಕಾಯಬೇಕಿಲ್ಲ. ನಾನು 1996ರಲ್ಲಿ ಒಂದನೇ ತರಗತಿ ಸೇರಿದಾಗ ನಮ್ಮೂರ ಶಾಲೆಗೆ ಈ ಕಾರ್ಡುಗಳು ಬಂದಿದ್ದವು. 'ಗರಗಸ' ಓದಿದ ದಿನ ಮನೆಗೆ ಬಂದು ಅಪ್ಪನ ಗರಗಸದ ಮೇಲೆಯೇ ಸೀಮೆಸುಣ್ಣದಿಂದ ಅದನ್ನು ಬರೆದಿದ್ದೆ.

ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಿದ್ದರು. ಹೊಸ ಪಾಠ ಕಲಿಯುವವರು ಮೇಷ್ಟ್ರ ಪಕ್ಕದ ಗುಂಪಿನಲ್ಲಿ. ಸ್ವಲ್ಪ ಬಂದವರಿಗೆ ಅವರ ಸಹಾಯ ಸ್ವಲ್ಪ ಮಾತ್ರ. ಆಮೇಲಿನ ಗುಂಪುಗಳಲ್ಲಿ ಗೆಳೆಯರ ನೆರವು. ಕೊನೆಯ ಗುಂಪಿನಲ್ಲಿ ತಾನೇ ಕಲಿಯುವುದು. ಕೈಗೆಟಕುವಷ್ಟು ತಗ್ಗಿನಲ್ಲಿ ಗೋಡೆಯುದ್ದಕ್ಕೂ ಕಪ್ಪು ಹಲಗೆ, ತಲೆಯ ಮೇಲೆ ಹಗ್ಗದ ಚಪ್ಪರ, ಅದಕ್ಕೆ ನಾವೇ ಬರೆದ ಚಿತ್ರಗಳ ತೋರಣ.

ಇದರ ನಿಜವಾದ ಬೆಲೆ ತಿಳಿಯುವುದು ನಮ್ಮ ತಾಲ್ಲೂಕಿನ ಬದುಕು ಗೊತ್ತಿದ್ದವರಿಗೆ. ಕಾಫಿ ಹಣ್ಣಾಗುವ ಹೊತ್ತಿಗೆ ಹಾಡಿಯ ಕುಟುಂಬಗಳು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತವೆ. ಮಾಮೂಲಿ ತರಗತಿಯಲ್ಲಿ ಎರಡು ತಿಂಗಳು ತಪ್ಪಿದ ಮಗು ಬರುವಷ್ಟರಲ್ಲಿ ಪುಸ್ತಕ ಎಷ್ಟೋ ಮುಂದೆ ಹೋಗಿರುತ್ತದೆ. ನಾಲ್ಕು ದಿನ ಬೆಪ್ಪಾಗಿ ಕೂತು ಐದನೇ ದಿನ ಶಾಲೆ ಬಿಡುತ್ತದೆ. ನಮ್ಮ ಜೊತೆಯ ಹಾಡಿಯ ಹುಡುಗನೊಬ್ಬ ಹಾಗೆ ಹೋಗಿ ಬಂದಾಗ ಮೇಷ್ಟ್ರು ಬೈಯಲಿಲ್ಲ. ಪ್ರಗತಿಯ ಪಟ್ಟಿ ನೋಡಿ, ಅವನು ಬಿಟ್ಟುಹೋದ ಕಾರ್ಡನ್ನೇ ಕೈಗೆ ಕೊಟ್ಟರು. ಅವನು ಎಲ್ಲರಿಗಿಂತ ತಡವಾಗಿ ಓದಲು ಕಲಿತ, ಆದರೆ ಕಲಿತ.

ಊರಿನವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. "ಏನ್ ಮೇಷ್ಟ್ರೇ, ಮಕ್ಳು ದಿನಾ ಕುಣ್ಕೊಂಡು ಹಾಡ್ಕೊಂಡು ಬತ್ತವೆ, ಓದೋದು ಯಾವಾಗ?" ಎಂದು ನಮ್ಮ ಅಜ್ಜಿಯೇ ಕೇಳಿದ್ದರು. "ಬನ್ನಿ ಅಜ್ಜಿ, ನಿಮ್ಮ ಮೊಮ್ಮಗನ ಕೈಲೇ ಓದುಸ್ತೀನಿ" ಎಂದು ಮೇಷ್ಟ್ರು ನಕ್ಕಿದ್ದರು. ಆಟವಾಡಿಸುತ್ತ ಕಾಲ ಕಳೆಯುತ್ತಾರೆ ಎಂದುಕೊಂಡವರಿಗೆ ಕಾಣದೇ ಹೋದದ್ದು ಅವರ ಸಂಜೆಯ ಕೆಲಸ. ಒಂದೇ ಪಾಠವನ್ನು ಮೂವತ್ತು ಮಕ್ಕಳಿಗೆ ಹೇಳುವುದಕ್ಕಿಂತ, ಮೂವತ್ತು ಮಕ್ಕಳು ಮೂವತ್ತು ಕಡೆ ಇರುವಾಗ ಪ್ರತಿಯೊಬ್ಬರ ಲೆಕ್ಕ ಇಡುವುದು ಬಹಳ ಕಷ್ಟ.

2009-10ರಲ್ಲಿ ಸರ್ಕಾರ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಅದೇ ಹೊತ್ತಿಗೆ ಶಿಕ್ಷಣ ಹಕ್ಕು ಕಾಯ್ದೆಯೂ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾದ ಆ ಕಾಯ್ದೆ, ಎಂಟನೇ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಹಿಂದೆ ಉಳಿಸುವಂತಿಲ್ಲ ಎಂದಿತು. ಜೊತೆಗೆ ವರ್ಷವಿಡೀ ಮಗುವಿನ ಕಲಿಕೆಯನ್ನು ಗಮನಿಸುತ್ತ ಹೋಗಬೇಕು ಎಂದೂ ಹೇಳಿತು. ಜನರ ನೆನಪಿನಲ್ಲಿ ಉಳಿದದ್ದು ಮೊದಲ ಮಾತು. ಎರಡನೆಯದು ಅನೇಕ ಕಡೆ ರಿಜಿಸ್ಟರು ತುಂಬುವ ಕೆಲಸವಾಯಿತು. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ಮಕ್ಕಳನ್ನು ಹಿಂದೆ ಉಳಿಸುವ ಅವಕಾಶವನ್ನು ರಾಜ್ಯಗಳಿಗೆ ಮತ್ತೆ ಕೊಟ್ಟಿತು. ನಪಾಸು ಬೇಕೋ ಬೇಡವೋ ಎಂಬ ವಾದ ಈಗಲೂ ನಡೆದಿದೆ.

ಆ ವಾದದ ನಡುವೆ ಮೂಲ ವಿಚಾರ ಕಳೆದುಹೋಗಬಾರದು ಎಂಬುದು ನನ್ನ ಕಳಕಳಿ. ಏಣಿಯ ಮೇಲೆ ಮಗು ಎಲ್ಲಿದೆ ಎಂದು ನೋಡದೆ ವರ್ಷ ವರ್ಷ ಮುಂದಕ್ಕೆ ದಾಟಿಸುವುದು ಒಂದು ಬಗೆಯ ಕೈಬಿಡುವಿಕೆ. ನೋಡದೆ ಹಿಂದಕ್ಕೆ ಕೂರಿಸುವುದೂ ಹಾಗೆಯೇ, ಹೋದ ವರ್ಷ ಅರ್ಥವಾಗದ ಅದೇ ಪಾಠ, ಅದೇ ರೀತಿ, ಇನ್ನೊಂದು ಸಲ. ಮಗುವಿನ ವೇಗಕ್ಕೆ ಗೌರವ ಕೊಡುವುದೆಂದರೆ ಅದು ನಿಂತಿರುವ ಮೆಟ್ಟಿಲನ್ನು ತಿಳಿದು ಮುಂದಿನ ಮೆಟ್ಟಿಲು ತೋರಿಸುವುದು. ನಮ್ಮ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಮಾಡಿದ್ದು ಇದನ್ನೇ.

ಈ ಮಾತು ನಮ್ಮ ಪ್ರೌಢಶಾಲೆಗೆ ಏಕೆ ಮುಖ್ಯ? ನಲಿ-ಕಲಿ ಮೂರನೇ ತರಗತಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಏಣಿಯಿಲ್ಲ, ಪುಸ್ತಕ ಓಡುತ್ತದೆ. ಸುತ್ತಲಿನ ಊರುಗಳಿಂದ ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಒಬ್ಬಳು ಬೀಜಗಣಿತಕ್ಕೆ ಸಿದ್ಧ, ಪಕ್ಕದವನಿಗೆ ಭಾಗಾಕಾರ ಬಾರದು. ಎಸ್.ಎಸ್.ಎಲ್.ಸಿ. ಮಾತ್ರ ಇಬ್ಬರಿಗೂ ಮೂರೇ ವರ್ಷ ದೂರ. ನಾನು 2003ರಲ್ಲಿ ಇಲ್ಲಿಗೆ ಸೇರಿದಾಗ ನಮ್ಮ ಗಣಿತದ ಗುರುಗಳ ಬಳಿ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಪುಟ. ಯಾರಿಗೆ ದಶಮಾಂಶ ಬರುವುದಿಲ್ಲ, ಯಾರಿಗೆ ಮಗ್ಗಿ ಹದಿಮೂರಕ್ಕೆ ನಿಲ್ಲುತ್ತದೆ, ಎಲ್ಲ ಅದರಲ್ಲಿತ್ತು. ಬೆಳಗಿನ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಆ ಪುಟ ಹಿಡಿದು ಕೂರಿಸುತ್ತಿದ್ದರು. ಅವರು ನಲಿ-ಕಲಿಯ ತರಬೇತಿ ಪಡೆದವರಲ್ಲ. ಆದರೂ ಅವರ ಪುಟಗಳು ಒಂದು ಏಣಿಯೇ ಆಗಿದ್ದವು. ನಮ್ಮ ತರಗತಿಯಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟವರು ಯಾರೂ ನನಗೆ ನೆನಪಿಲ್ಲ.

ಈಗ ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಹೊಸ ತಂತ್ರಜ್ಞಾನ ಕಲಿಯಬೇಕಾದಾಗ ಕಂಪನಿಗಳು ಪಾಠವನ್ನು ಚಿಕ್ಕ ಭಾಗಗಳಾಗಿ ಕೊಡುತ್ತವೆ. ಒಬ್ಬರು ವಾರದಲ್ಲಿ ಮುಗಿಸುತ್ತಾರೆ, ಇನ್ನೊಬ್ಬರು ತಿಂಗಳಲ್ಲಿ. ಯಾರೂ ದಡ್ಡರೆನಿಸಿಕೊಳ್ಳುವುದಿಲ್ಲ. ಸಂಬಳ ಪಡೆಯುವ ದೊಡ್ಡವರಿಗೆ ಸಿಗುವ ಈ ಸೌಲಭ್ಯ ಹದಿಮೂರು ವರ್ಷದ ಹುಡುಗಿಗೂ ಸಿಗಬೇಕಲ್ಲವೇ? ಎಸ್.ಎಸ್.ಎಲ್.ಸಿ.ಯಲ್ಲೂ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದಿತ್ತು. ಎಲ್ಲರೂ ಒಂದೇ ದಿನ ಸಿದ್ಧರಾಗಿರುವುದಿಲ್ಲ ಎಂದು ಇಲಾಖೆಯೂ ಒಪ್ಪಿಕೊಂಡಂತಾಯಿತು.

ಈ ಸುವರ್ಣ ಮಹೋತ್ಸವದಲ್ಲಿ ಕಮಾನು, ಕೊಠಡಿ, ಕಂಪ್ಯೂಟರುಗಳಿಗೆ ಹಳೆಯ ವಿದ್ಯಾರ್ಥಿಗಳು ದೇಣಿಗೆ ಕೊಡುತ್ತಿರುವುದು ಹೆಮ್ಮೆಯ ವಿಷಯ. ಅದರ ಜೊತೆಗೆ ನನ್ನದೊಂದು ಸಣ್ಣ ಕೋರಿಕೆ. ಜೂನ್ ತಿಂಗಳಲ್ಲಿ ಸೇತುಬಂಧ ಹೇಗೂ ನಡೆಯುತ್ತದೆ. ಅದು ಮುಗಿದ ಮೇಲೂ ಎಂಟನೇ ತರಗತಿಯ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಪುಟ ತೆರೆದಿರಲಿ, ವಾರಕ್ಕೆ ಮೂರು ದಿನ ಶಾಲೆಯ ಮುಂಚೆ ಅರ್ಧ ಗಂಟೆ ಆ ಪುಟದ ಕೆಲಸ ನಡೆಯಲಿ. ಕನ್ನಡ ಓದು ಮತ್ತು ಗಣಿತ, ಎರಡೇ ಸಾಕು. ಗುರುಗಳ ಮೇಲೆ ಹೊರೆ ಹೆಚ್ಚಾಗದಂತೆ ಊರಿನಲ್ಲೇ ಇರುವ ಪದವೀಧರ ಅಕ್ಕಂದಿರು, ಅಣ್ಣಂದಿರು ಕೈಜೋಡಿಸಬಹುದು, ಅವರ ಗೌರವಧನಕ್ಕೆ ನಮ್ಮಂಥ ಹೊರಗಿರುವವರು ಹಣ ಕೂಡಿಸಬಹುದು. ನಮ್ಮ 2006ರ ಬ್ಯಾಚಿನವರು ಮೊದಲ ವರ್ಷದ ವೆಚ್ಚ ಭರಿಸಲು ಒಪ್ಪಿದ್ದಾರೆ.

ಐದು ಬೆರಳು ಸಮ ಇಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಐದೂ ಸೇರಿದರೆ ಮಾತ್ರ ತುತ್ತು ಬಾಯಿಗೆ ಬರುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. 

(ಲೇಖಕರು 2006ರ ಎಸ್.ಎಸ್.ಎಲ್.ಸಿ. ಬ್ಯಾಚಿನ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್)