ಫೋರ್ಡ್‌ಸನ್ ಉಳುವ ಯಂತ್ರದ ಪರೀಕ್ಷೆ

ಎತ್ತು ಕೊಳ್ಳಲೆಂದು ದನಗಳ ಜಾತ್ರೆಗೆ ಹೋದ ಒಕ್ಕಲಿಗನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುವನು. ಅನಂತರ ಸುಳಿ, ಗೊರಸು, ನಡಿಗೆಗಳನ್ನು ಪರೀಕ್ಷಿಸುವನು. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾದವನು ಊರಿಗೆ ಬಂದು ನಗೆಗೀಡಾಗುವುದು ಸಹಜವಷ್ಟೆ. ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಹಳೆಯ ಟ್ರ್ಯಾಕ್ಟರುಗಳನ್ನು ಹವ್ಯಾಸಕ್ಕಾಗಿ ಕೂಡಿಡುವವರಿಗೂ ಇದೇ ಎಚ್ಚರಿಕೆಯು ಬೇಕಾಗಿರುವುದು. ಅವರು ಮೇಲಿಂದ ಮೇಲೆ ಕಾಣುವ ಯಂತ್ರಗಳಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಒಂದು. ಅದನ್ನು ಬೆಲೆ ಕಟ್ಟಲು ಹೊರಟವನು ಅದರ ಚರಿತ್ರೆಯನ್ನು ಅರಿತಿರದಿದ್ದರೆ ಕಬ್ಬಿಣದ ತೂಕವನ್ನಲ್ಲದೆ ಬೇರೇನನ್ನೂ ಅರಿಯಲಾರನು.

1917ನೆಯ ಇಸವಿಯಲ್ಲಿ ಜರ್ಮನಿಯ ಜಲಾಂತರ್ಗಾಮಿ ನೌಕೆಗಳು ಧಾನ್ಯದ ಹಡಗುಗಳನ್ನು ಮುಳುಗಿಸುತ್ತಿರಲು ಬ್ರಿಟನ್ನಿನ ಜನರಿಗೆ ಅನ್ನದ ಭಯವು ತಲೆದೋರಿತು. ಹೊಲದ ಆಳುಗಳೂ ಕುದುರೆಗಳೂ ಯುದ್ಧಕ್ಕೆ ಹೋಗಿದ್ದ ಕಾಲವದು. ಆಗ ಅಲ್ಲಿಯ ಯುದ್ಧಸಾಮಗ್ರಿಯ ಮಂತ್ರಿಶಾಖೆಯು ಫೋರ್ಡನಿಂದ 6,000 ಯಂತ್ರಗಳನ್ನು ಬೇಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಯರ್‌ಬಾರ್ನ್ ಪಟ್ಟಣದಲ್ಲಿ ತಯಾರಿಕೆಯು ಮೊದಲಾಯಿತು. ಈ ಮೊದಲ ತಂಡದ ಯಂತ್ರಗಳ ಮುಂಭಾಗದಲ್ಲಿ ಹೆಸರೇ ಇಲ್ಲ. ‘ಫೋರ್ಡ್‌ಸನ್’ ಎಂಬ ಎರಕದ ಅಕ್ಷರಗಳು 1918ರಲ್ಲಿ ಬಂದವು.

ಫೋರ್ಡನು ತನ್ನ ಯಂತ್ರಕ್ಕೆ ತನ್ನದೇ ಹೆಸರನ್ನು ಇಡಲಾರದೆ ಹೋದುದು ವಿನೋದದ ಸಂಗತಿ. ಮಿನಿಯಾಪೊಲಿಸ್ ನಗರದ ಕೆಲವರು ಫೋರ್ಡ್ ಎಂಬ ಉಪನಾಮದ ಒಬ್ಬನನ್ನು ಹಿಡಿದು ‘ಫೋರ್ಡ್ ಟ್ರ್ಯಾಕ್ಟರ್ ಕಂಪನಿ’ಯನ್ನು ಮೊದಲೇ ಹೂಡಿದ್ದರು. ಹೆಸರನ್ನು ನಂಬಿ ಹಣ ತೆತ್ತವರಲ್ಲಿ ನೆಬ್ರಾಸ್ಕಾ ಸೀಮೆಯ ವಿಲ್ಮಟ್ ಕ್ರೋಜಿಯರ್ ಎಂಬ ರೈತನೂ ಒಬ್ಬನು. ಯಂತ್ರವು ಕೆಲಸಕ್ಕೆ ಬಾರದಾಯಿತು. ಮತ್ತೊಂದು ಕಂಪನಿಯ ಯಂತ್ರವನ್ನು ತಂದರೆ ಅದೂ ಸರಿಹೋಗಲಿಲ್ಲ. ಮೂರನೆಯದಾದ ರೂಮ್ಲಿ ಮಾತ್ರ ಹೇಳಿದುದಕ್ಕಿಂತ ಹೆಚ್ಚು ದುಡಿಯಿತು. ಕ್ರೋಜಿಯರನು ಬೆವರಿನ ಹಣ ಕಳೆದುಕೊಂಡು ಹಣೆಬರಹವೆಂದು ಕುಳಿತವನಲ್ಲ. ಶಾಸನಸಭೆಗೆ ಆರಿಸಿಹೋಗಿ, 1919ರಲ್ಲಿ ಒಂದು ಕಾಯಿದೆಯು ಹೊರಡುವಂತೆ ಮಾಡಿದನು. ವಿಶ್ವವಿದ್ಯಾಲಯದವರು ಪರೀಕ್ಷಿಸದ ಮಾದರಿಯ ಟ್ರ್ಯಾಕ್ಟರನ್ನು ಆ ಸೀಮೆಯಲ್ಲಿ ಮಾರಕೂಡದು. ಬಿಡಿಭಾಗಗಳು ರೈತನಿಗೆ ಸುಲಭವಾಗಿ ದೊರೆಯುವಂತೆಯೂ ಇರಬೇಕು, ಎಂಬುದು ಅದರ ಸಾರ. 1920ರಲ್ಲಿ ಲಿಂಕನ್ ನಗರದಲ್ಲಿ ಪರೀಕ್ಷೆಗಳು ಆರಂಭವಾದವು. ಜಾಹೀರಾತಿನ ಕುದುರೆಗಳ ಸಂಖ್ಯೆಗೂ ಹೊಲದ ಕುದುರೆಗಳ ಸಂಖ್ಯೆಗೂ ಇರುವ ಅಂತರವು ಅಂದಿನಿಂದ ಎಲ್ಲರಿಗೂ ತಿಳಿಯುವಂತಾಯಿತು. ಹಳೆಯ ಯಂತ್ರವನ್ನು ಕೊಳ್ಳುವವನಿಗೆ ಇಂದಿಗೂ ಆ ವರದಿಗಳಿಗಿಂತ ನೆಚ್ಚಿನ ಸಾಕ್ಷಿಯು ವಿರಳ.

ಇನ್ನು ಯಂತ್ರದ ಮೈಯನ್ನು ನೋಡುವ. ಫೋರ್ಡ್‌ಸನ್ನಿಗೆ ಬೇರೆ ಚೌಕಟ್ಟಿಲ್ಲ. ಎಂಜಿನ್ನು, ಗೇರುಪೆಟ್ಟಿಗೆ, ಹಿಂದಿನ ಅಚ್ಚಿನ ಪೆಟ್ಟಿಗೆ ಇವುಗಳನ್ನೇ ಬೋಲ್ಟುಗಳಿಂದ ಬಿಗಿದು ಬೆನ್ನೆಲುಬನ್ನಾಗಿ ಮಾಡಿರುವರು. ಇದರಿಂದ ಬೆಲೆಯು ತಗ್ಗಿತು, ಆದರೆ ಬೀಡುಕಬ್ಬಿಣವು ಒಡೆದರೆ ಯಂತ್ರದ ಬೆನ್ನೇ ಮುರಿದಂತೆ. ಚಳಿಗಾಲದಲ್ಲಿ ನೀರನ್ನು ಬಸಿಯದೆ ಬಿಟ್ಟ ಎಂಜಿನ್ನಿನಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಬಿರುಕು ಬಿಟ್ಟಿರುವುದುಂಟು. ಆದುದರಿಂದ ದಪ್ಪನಾದ ಹೊಸ ಬಣ್ಣವು ಎಲ್ಲಿರುವುದೋ ಅಲ್ಲಿಯೇ ಉಗುರಿನಿಂದ ಕೆರೆದು ನೋಡಬೇಕು. ಮೊದಲಿನ ಬಣ್ಣವು ಬೂದಿ, ಚಕ್ರಗಳು ಕೆಂಪು. ಕಿತ್ತಳೆ ಬಣ್ಣವೂ, ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಣ್ಣು ತಪ್ಪಿಸಲು ಬಳಿದ ಹಸುರು ಬಣ್ಣವೂ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮಿನಲ್ಲಿ ತಯಾರಾದ ಮುಂದಿನ ಮಾದರಿಯವು.

ನಾಲ್ಕು ಸಿಲಿಂಡರುಗಳ ಎಂಜಿನ್ನು ಪೆಟ್ರೋಲಿನಿಂದ ಎಚ್ಚತ್ತು ಸೀಮೆಎಣ್ಣೆಯಿಂದ ನಡೆಯುವುದು. ಕಿಡಿಯನ್ನು ಕೊಡುವುದು ಗತಿಚಕ್ರಕ್ಕೆ ಕಟ್ಟಿದ ಅಯಸ್ಕಾಂತಗಳು. ಇವು ಶಕ್ತಿಗುಂದಿದ್ದರೆ, ಎಷ್ಟು ಹೊತ್ತು ಕೈಹಿಡಿಯನ್ನು ತಿರುವಿದರೂ ಬೆವರಲ್ಲದೆ ಕಿಡಿಯು ಹುಟ್ಟದು! ಆದರೂ ಇದು ದೊಡ್ಡ ದೋಷವಲ್ಲ. ಅಯಸ್ಕಾಂತಕ್ಕೆ ಮತ್ತೆ ಬಲ ತುಂಬಬಹುದು. ಅಂಜಬೇಕಾದುದು ಹಿಂದಿನ ಪೆಟ್ಟಿಗೆಗೆ. ತಿರುಪಿನಂತಿರುವ ಉಕ್ಕಿನ ದಂಡವೊಂದು ಅಲ್ಲಿ ಕಂಚಿನ ಹಲ್ಲುಚಕ್ರವನ್ನು ತಿರುಗಿಸುವುದು. ಆ ತಿಕ್ಕಾಟದ ಕಾವು ಆಸನದ ತನಕ ಏರುತ್ತಿದ್ದುದನ್ನು ನಡೆಸಿದವರೆಲ್ಲರೂ ಬಲ್ಲರು. ಒಂದಿಷ್ಟು ಎಣ್ಣೆಯನ್ನು ಬಟ್ಟಲಿಗೆ ಬಸಿದು ಬಿಸಿಲಿಗೆ ಹಿಡಿಯಲಿ. ಹೊಂಬಣ್ಣದ ಪುಡಿಯು ಮಿನುಗಿದರೆ ಚಕ್ರದ ಹಲ್ಲು ಸವೆದಿದೆಯೆಂದು ತಿಳಿಯಬೇಕು.

ಬೆಲೆಯ ವಿಚಾರ. 1918ರಲ್ಲಿ 750 ಡಾಲರುಗಳಿದ್ದುದನ್ನು ಫೋರ್ಡನು 1922ರಲ್ಲಿ 395ಕ್ಕೆ ಇಳಿಸಿದನು. ಎದುರಾಳಿಯಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನವರು ತಾವೂ ಬೆಲೆ ತಗ್ಗಿಸಿ ನೇಗಿಲನ್ನು ಪುಕ್ಕಟೆ ಕೊಡತೊಡಗಿದರು. 1928ರಲ್ಲಿ ಅಮೆರಿಕಾದಲ್ಲಿ ತಯಾರಿಕೆಯು ನಿಲ್ಲುವಷ್ಟರಲ್ಲಿ 7 ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಹೊರಬಿದ್ದಿದ್ದವು. ಹೀಗಾಗಿ ಸಾಮಾನ್ಯ ಫೋರ್ಡ್‌ಸನ್ ಹಳೆಯದೆಂಬ ಮಾತ್ರಕ್ಕೆ ಅಪೂರ್ವವಲ್ಲ. ಅಪೂರ್ವವಾದುದು ಬ್ರಿಟನ್ನಿಗೆ ಹೋದ ಹೆಸರಿಲ್ಲದ ಯಂತ್ರ. ಆದರೆ ರೇಡಿಯೇಟರನ್ನು ಬದಲಾಯಿಸುವುದು ಕಷ್ಟವೇನಲ್ಲ. ಹೆಸರಿಲ್ಲದ ಮುಖವನ್ನು ಕಂಡು ಹಿಗ್ಗುವುದಕ್ಕೆ ಮುಂಚೆ ಎಂಜಿನ್ನಿನ ಮೇಲೆ ಒತ್ತಿದ ಅಂಕಿಯನ್ನು ಓದಬೇಕು. ಹೆಸರಿದ್ದುದರಿಂದ ಕ್ರೋಜಿಯರನು ಮೋಸಹೋದನು. ಇಲ್ಲಿ ಹೆಸರಿಲ್ಲದುದರಿಂದ ಮೋಸಹೋಗುವ ಭಯ.

ಈ ಯಂತ್ರಕ್ಕೆ ಒಂದು ಕೆಟ್ಟ ಹೆಸರೂ ಉಂಟು. ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿ ಹಿಂದಿನ ಚಕ್ರಗಳು ನಿಂತರೆ, ಎಂಜಿನ್ನಿನ ಬಲವು ಮುಂಭಾಗವನ್ನೇ ಮೇಲೆತ್ತಿ, ಯಂತ್ರವು ನಡೆಸುವವನ ಮೇಲೆ ಮಗುಚಿಬೀಳುತ್ತಿತ್ತು. ಅನೇಕ ರೈತರು ಹೀಗೆ ಸತ್ತರು. 1920ರ ದಶಕದಲ್ಲಿ ಹಿಂದಕ್ಕೆ ಬಾಲದಂತೆ ಚಾಚಿದ ಮಡ್‌ಗಾರ್ಡುಗಳು ಬಂದುದು ಈ ಕಾರಣದಿಂದಲೇ; ಯಂತ್ರವು ಏಳತೊಡಗಿದರೆ ಅವು ನೆಲಕ್ಕೆ ತಾಗಿ ತಡೆಯುವುವು. ಮೊದಲಿನ ವರ್ಷಗಳ ಯಂತ್ರವೊಂದಕ್ಕೆ ಆಮೇಲೆ ಇವನ್ನು ಕೂಡಿಸಿದ್ದರೆ, ಅಸಲು ರೂಪದ ಹಟ ಹಿಡಿದ ಸಂಗ್ರಾಹಕರು ಕಳಚಿಹಾಕುವರು. ಇದು ಒಳ್ಳೆಯ ತೀರ್ಮಾನವಲ್ಲ. ನೆರೆಯ ಹೊಲದಲ್ಲಿ ಏನಾಯಿತೆಂದು ಕೇಳಿ ಯಾವುದೋ ಮನೆಯವರು ಅವನ್ನು ಹಾಕಿಸಿರಬಹುದು. ಕಾರ್ಖಾನೆಯು ಒತ್ತಿದ ಅಂಕಿಯಷ್ಟೇ ಅವುಗಳ ಬೋಲ್ಟಿನ ತೂತುಗಳೂ ಆ ಯಂತ್ರದ ಚರಿತ್ರೆಗೆ ಸೇರಿದುವು.